ಹಿರಿಯೂರಿನ ಮಳೆ ಆರೂ ತಾಲ್ಲೂಕಿಗೆ ಸುರಿದದ್ದೇಕೆ? ಪೈಥಾನ್‌ನಲ್ಲಿ ಬಹು ಆಯಾಮದ ಅರೇ

ಪ್ರಶ್ನೆ: ಚಿತ್ರದುರ್ಗದ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಜಿಲ್ಲೆಯ ಆರು ತಾಲ್ಲೂಕುಗಳ 2019ರಿಂದ 2023ರವರೆಗಿನ ತಿಂಗಳವಾರು ಮಳೆ ಅಂಕಿಗಳನ್ನು ಪೈಥಾನ್‌ನಲ್ಲಿ ಜೋಡಿಸುತ್ತಿದ್ದೇನೆ. ಮೊದಲು ಒಂದು ವರ್ಷಕ್ಕೆ ಸೊನ್ನೆಗಳ ಕೋಷ್ಟಕ ಮಾಡಿಕೊಂಡು ಹಿರಿಯೂರಿನ ಜೂನ್ ಅಂಕಿ ತುಂಬಿದೆ. ಆರೂ ತಾಲ್ಲೂಕಿಗೆ ಅದೇ ಅಂಕಿ ಬಂತು. ಜೂನ್ ಕಾಲಂ ಕೇಳಿದರೆ ಹನ್ನೆರಡು ಸಂಖ್ಯೆ ಕೊಡುತ್ತದೆ, ಆರು ಬರಬೇಕಲ್ಲವೇ? ಐದೂ ವರ್ಷ ಸೇರಿಸಿ ಮೂರು ಆಯಾಮ ಮಾಡುವುದು ಹೇಗೆ? ಲಿಸ್ಟ್ ಸಾಕೇ, ಅಂಕಿಗಳ ಕೋಷ್ಟಕಕ್ಕೆಂದೇ ಇರುವ ಪೈಥಾನ್ ಲೈಬ್ರರಿ ನಮ್‌ಪೈ ಬೇಕೇ?

ಉತ್ತರ: ಮೇಡಂ, ಮೊದಲು ಬರಹದ ಬಗ್ಗೆ ಒಂದು ಮಾತು. ಫಾರ್, ಇನ್, ರೇಂಜ್, ನನ್ ಮುಂತಾದ ಪೈಥಾನ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿಗೆ ಕೊಡುವಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಮಳೆ, ಹಿರಿಯೂರು, ಜೂನ್ ಎಂದು ನಾವೇ ಇಟ್ಟ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಬಹುದು, ಪೈಥಾನ್ 3 ತಕರಾರು ಮಾಡುವುದಿಲ್ಲ. ಕೆಳಗಿನ ಮಳೆ ಅಂಕಿಗಳು ಉದಾಹರಣೆಗೆ ಹಾಕಿದವು, ದಾಖಲೆಯವಲ್ಲ.

ನೀವು ಕೋಷ್ಟಕ ಮಾಡಿದ್ದು ಬಹುಶಃ ಹೀಗೆ:

    ಮಳೆ = [[0] * 12] * 6
    ಮಳೆ[2][5] = 61.4

ಮೊದಲ ಸಾಲು ನೋಡಲು ಚೆಂದ. ಹನ್ನೆರಡು ಸೊನ್ನೆಯ ಒಂದು ಸಾಲು, ಅಂಥವು ಆರು ಎಂದು ಓದಿಸಿಕೊಳ್ಳುತ್ತದೆ. ಆದರೆ ಪೈಥಾನ್ ಮಾಡಿದ್ದು ಹನ್ನೆರಡು ಮನೆಯ ಒಂದೇ ಸಾಲು. ಹೊರಗಿನ ಗುಣಾಕಾರ ಚಿಹ್ನೆ ಆ ಸಾಲನ್ನು ಆರು ಸಲ ಹುಟ್ಟಿಸಲಿಲ್ಲ, ಅದರ ವಿಳಾಸವನ್ನು ಆರು ಸಲ ಬರೆಯಿತು. ಒಂದೇ ಹೊಲದ ಸರ್ವೆ ನಂಬರನ್ನು ಆರು ಚೀಟಿಯಲ್ಲಿ ಬರೆದುಕೊಟ್ಟ ಹಾಗೆ: ಚೀಟಿ ಆರು, ಹೊಲ ಒಂದೇ. ಮೂರನೇ ಚೀಟಿ ಹಿಡಿದು ಹೋಗಿ ಬಿತ್ತಿದರೂ ಉಳಿದ ಐದು ಚೀಟಿಯವರಿಗೆ ಅದೇ ಬೆಳೆ ಕಾಣುತ್ತದೆ. ಅನುಮಾನವಿದ್ದರೆ ಮಳೆ[0] ಈಸ್ ಮಳೆ[1] ಎಂದು ಕೇಳಿ. ಟ್ರೂ ಎಂದು ಬಂದರೆ ಎರಡೂ ಒಂದೇ ಸಾಲು.

ಹಾಗಿದ್ದರೆ ಒಳಗಿನ [0] * 12 ಕೂಡ ತಪ್ಪಲ್ಲವೇ ಎಂದು ಕೇಳಬಹುದು. ಅಲ್ಲಿಯೂ ಒಂದೇ ಸೊನ್ನೆಯ ವಿಳಾಸ ಹನ್ನೆರಡು ಸಲ ಇರುವುದು ನಿಜ. ಆದರೆ ಸಂಖ್ಯೆಯನ್ನು ಇದ್ದಲ್ಲೇ ತಿದ್ದಲು ಬರುವುದಿಲ್ಲ. 61.4 ಎಂದು ಬರೆದಾಗ ಸೊನ್ನೆ ಬದಲಾಗುವುದಿಲ್ಲ, ಆ ಒಂದು ಮನೆಗೆ ಬೇರೆ ಸಂಖ್ಯೆಯ ವಿಳಾಸ ಬಂದು ಕೂರುತ್ತದೆ. ಆದ್ದರಿಂದ ಒಳಗಿನದು ನಿರುಪದ್ರವಿ. ಲಿಸ್ಟ್ ಇದ್ದಲ್ಲೇ ಬದಲಾಗುವ ವಸ್ತು, ತೊಂದರೆ ಬರುವುದು ಅಲ್ಲಿ.

ಸರಿಯಾದ ದಾರಿ, ಪ್ರತಿ ತಾಲ್ಲೂಕಿಗೂ ಹೊಸ ಸಾಲು ಮಾಡಿಸುವುದು:

    ಮಳೆ = [[0] * 12 ಫಾರ್ ತಾ ಇನ್ ರೇಂಜ್(6)]

ಇಲ್ಲಿ [0] * 12 ಎಂಬ ಮಾತನ್ನು ಪೈಥಾನ್ ಆರು ಸಲ ನಡೆಸುತ್ತದೆ, ಆರು ಬೇರೆ ಬೇರೆ ಲಿಸ್ಟ್ ಹುಟ್ಟುತ್ತವೆ. ವರ್ಷವನ್ನೂ ಸೇರಿಸಿದರೆ:

    ಮಳೆ = [[[ನನ್] * 12 ಫಾರ್ ವ ಇನ್ ರೇಂಜ್(5)] ಫಾರ್ ತಾ ಇನ್ ರೇಂಜ್(6)]

ಇದನ್ನು ಬಲಗಡೆಯಿಂದ ಓದಬೇಕು. ಕೊನೆಯಲ್ಲಿರುವ ಫಾರ್ ಎಲ್ಲಕ್ಕಿಂತ ಹೊರಗಿನ ಸುತ್ತು, ಅಂದರೆ ತಾಲ್ಲೂಕು. ಅದರೊಳಗೆ ವರ್ಷ, ಅದರೊಳಗೆ ತಿಂಗಳು. 5 ಮತ್ತು 6 ಅದಲುಬದಲಾದರೆ ಐದು ತಾಲ್ಲೂಕು, ಆರು ವರ್ಷದ ಕೋಷ್ಟಕ ಸಿಗುತ್ತದೆ; ಮೊಳಕಾಲ್ಮೂರಿನ ಅಂಕಿ ತುಂಬಲು ಹೋಗುವವರೆಗೆ ಗೊತ್ತಾಗುವುದಿಲ್ಲ. ಮನೆಗೆ ತಲುಪುವುದು ಮಾತ್ರ ಎಡದಿಂದ, ಹೊರಗಿನಿಂದ ಒಳಗೆ: ಮಳೆ[ತಾಲ್ಲೂಕು][ವರ್ಷ][ತಿಂಗಳು]. ಏಳುಸುತ್ತಿನ ಕೋಟೆಯ ಊರಿನವರಿಗೆ ಮೂರು ಬಾಗಿಲು ದಾಟುವುದು ಕಷ್ಟವಾಗಲಾರದು.

ಸೊನ್ನೆಯ ಬದಲು ನನ್, ಅಂದರೆ ಏನೂ ಇಲ್ಲ ಎಂಬ ಗುರುತು, ಹಾಕಿದ್ದು ಬೇಕೆಂದೇ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಜನವರಿ ಫೆಬ್ರುವರಿಯಲ್ಲಿ ಸೊನ್ನೆ ಮಿ.ಮೀ. ಎಂಬುದು ನಿಜವಾದ ಅಳತೆ. ಮಳೆಮಾಪಕ ಕೆಟ್ಟಿತ್ತು, ಇಲ್ಲವೇ ಅಂಕಿ ಇನ್ನೂ ಕೈಸೇರಿಲ್ಲ ಎಂಬುದು ಬೇರೆ ಸಂಗತಿ. ಎರಡಕ್ಕೂ ಸೊನ್ನೆ ಹಾಕಿಟ್ಟರೆ ಆಮೇಲೆ ಬೇರ್ಪಡಿಸಲು ಯಾವ ದಾರಿಯೂ ಇಲ್ಲ, ಸರಾಸರಿಯೂ ಸುಮ್ಮನೆ ಕೆಳಗಿಳಿಯುತ್ತದೆ.

2, 5 ಎಂಬ ಅಂಕೆಗಳನ್ನು ಕೋಡಿನಲ್ಲಿ ಹಾಗೇ ಬಿಡಬೇಡಿ. ವಾರ ಬಿಟ್ಟು ನೋಡಿದರೆ ಮಳೆ[2][2][5] ಯಾವುದೆಂದು ಬರೆದವರಿಗೇ ನೆನಪಿರುವುದಿಲ್ಲ. ಮೇಲ್ಗಡೆ ಒಂದೇ ಕಡೆ ಬರೆದಿಡಿ: ಚಿತ್ರದುರ್ಗ = 0, ಚಳ್ಳಕೆರೆ = 1, ಹಿರಿಯೂರು = 2, ಹೊಳಲ್ಕೆರೆ = 3, ಹೊಸದುರ್ಗ = 4, ಮೊಳಕಾಲ್ಮೂರು = 5; ಹಾಗೆಯೇ ಜೂನ್ = 5. ಆಮೇಲೆ

    ಮಳೆ[ಹಿರಿಯೂರು][2021 - 2019][ಜೂನ್] = 61.4

ಎಂದು ಬರೆದರೆ ಓದಿದವರಿಗೆ ಅರ್ಥವಾಗುತ್ತದೆ. ತಿಂಗಳು ನಮಗೆ 1ರಿಂದ 12, ಪೈಥಾನ್‌ಗೆ 0ಯಿಂದ 11. ಫೈಲಿನಿಂದ ಓದುವಾಗ ತಿಂಗಳು - 1 ಎಂದು ಕಳೆಯುತ್ತೀರಿ. ಅಲ್ಲಿಯೇ ಒಂದು ಹಳ್ಳ ಇದೆ. ತಿಂಗಳ ಮನೆ ಖಾಲಿ ಇದ್ದು ಅದು 0 ಎಂದು ಓದಿಕೊಂಡಿತು ಎನ್ನಿ. 0 - 1 ಅಂದರೆ -1. ಪೈಥಾನ್‌ನಲ್ಲಿ -1 ಎಂದರೆ ಕೊನೆಯ ಮನೆ, ಅಂದರೆ ಡಿಸೆಂಬರ್. ದೋಷ ತೋರಿಸದೆ ಆ ಅಂಕಿ ಡಿಸೆಂಬರ್‌ನಲ್ಲಿ ಹೋಗಿ ಕೂರುತ್ತದೆ. ವರ್ಷಕ್ಕೂ ಇದೇ ಗತಿ: ಫೈಲಿನಲ್ಲಿ 2018ರ ಒಂದು ಸಾಲು ತಪ್ಪಿ ಉಳಿದಿದ್ದರೆ 2018 - 2019 ಮತ್ತೆ -1, ಅದು 2023ರ ಅಂಕಿಯನ್ನು ಅಳಿಸಿ ತಾನು ಕೂರುತ್ತದೆ. 2014ರವರೆಗೂ ಹೀಗೇ ನುಂಗಿಕೊಳ್ಳುತ್ತದೆ. 2013 ಬಂದಾಗ ಮಾತ್ರ ಇಂಡೆಕ್ಸ್ ಮೀರಿತು ಎಂದು ಬೊಬ್ಬೆ ಹಾಕುತ್ತದೆ. ಆದ್ದರಿಂದ ಕಳೆಯುವ ಮೊದಲೇ 1 <= ತಿಂಗಳು <= 12 ಮತ್ತು 2019 <= ವರ್ಷ <= 2023 ಎಂಬ ಎರಡು ಪರೀಕ್ಷೆ ಹಾಕಿ, ದಾಟದ ಸಾಲನ್ನು ಸಾಲಿನ ನಂಬರಿನ ಸಮೇತ ಮುದ್ರಿಸಿ.

ಈಗ ಜೂನ್ ಕಾಲಂ. ನೀವು ಒಂದು ವರ್ಷದ ಕೋಷ್ಟಕದಲ್ಲಿ ಮಳೆ[:][5] ಎಂದು ಕೇಳಿರಬೇಕು. ಮಳೆ[:] ಎಂದರೆ ಎಲ್ಲ ಸಾಲುಗಳ ಲಿಸ್ಟ್, ಅಂದರೆ ಮತ್ತೆ ಅದೇ ಮಳೆ. ಅದರ [5] ಎಂದರೆ ಆರನೇ ಸಾಲು. ನಿಮಗೆ ಬಂದ ಹನ್ನೆರಡು ಸಂಖ್ಯೆ ಮೊಳಕಾಲ್ಮೂರಿನ ಹನ್ನೆರಡು ತಿಂಗಳು. ಜುಲೈ ಕೇಳಿದ್ದರೆ [6] ಇಲ್ಲವಲ್ಲ, ಎರರ್ ಬಂದು ಆಗಲೇ ಎಚ್ಚರವಾಗುತ್ತಿತ್ತು. ಲಿಸ್ಟ್‌ನಲ್ಲಿ ಕಾಲಂ ಎಂಬ ವಸ್ತುವೇ ಇಲ್ಲ, ಸಾಲುಗಳಷ್ಟೇ ಇವೆ. ಆದ್ದರಿಂದ ಪ್ರತಿ ಸಾಲಿನಿಂದ ಒಂದೊಂದು ಹೆಕ್ಕಬೇಕು:

    ಜೂನ್_ಕಾಲಂ = [ಸಾಲು[5] ಫಾರ್ ಸಾಲು ಇನ್ ಮಳೆ]

ನಮ್‌ಪೈಯಲ್ಲಾದರೆ ಅಲ್ಪವಿರಾಮ ಹಾಕಿ ಮಳೆ[:, 5] ಎಂದರೆ ಮುಗಿಯಿತು. ಎರಡು ಚೌಕ ಆವರಣಕ್ಕೂ ಒಂದು ಅಲ್ಪವಿರಾಮಕ್ಕೂ ಇರುವ ಈ ಅಂತರ ನಮ್‌ಪೈಯಲ್ಲೂ ಉಳಿದಿರುತ್ತದೆ: ಅಲ್ಲಿಯೂ ಮಳೆ[:][5] ಎಂದು ಬರೆದರೆ ಸಿಗುವುದು ಮೊಳಕಾಲ್ಮೂರೇ.

ಲಿಸ್ಟೋ ನಮ್‌ಪೈಯೋ ಎಂಬುದಕ್ಕೆ ನನ್ನ ಅಭಿಪ್ರಾಯ ನೇರವಾಗಿದೆ. 6 × 5 × 12 ಅಂದರೆ 360 ಸಂಖ್ಯೆ. ಇಷ್ಟಕ್ಕೆ ವೇಗದ ಮಾತೇ ಬರುವುದಿಲ್ಲ. ನಮ್‌ಪೈ ಇದನ್ನು ತಲಾ 8 ಬೈಟಿನಂತೆ 2880 ಬೈಟಿನಲ್ಲಿ ಇಡುತ್ತದೆ, ಲಿಸ್ಟ್ ನಾಲ್ಕೈದು ಪಟ್ಟು ತಿನ್ನುತ್ತದೆ. ಇಂದಿನ ಯಾವ ಕಂಪ್ಯೂಟರಿಗೂ ಎರಡೂ ಲೆಕ್ಕಕ್ಕಿಲ್ಲ. ನಮ್‌ಪೈ ಬೇಕಾಗುವುದು ಬೇರೆ ಕಾರಣಕ್ಕೆ: ಯಾವ ದಿಕ್ಕಿನಲ್ಲಿ ಬೇಕಾದರೂ ಕೂಡಿಸಬಹುದು, ಸರಾಸರಿ ತೆಗೆಯಬಹುದು. ಆದರೆ ಅಂಕಿ ತುಂಬಿಸುವ ಹಂತಕ್ಕೆ ಎರಡಕ್ಕಿಂತ ಡಿಕ್ಷನರಿ ವಾಸಿ.

    ಮಳೆ_ಕಡತ = {}
    ಮಳೆ_ಕಡತ["ಹಿರಿಯೂರು", 2021, 6] = 61.4

ಮೂರು ಗುರುತು ಸೇರಿ ಒಂದು ಕೀಲಿ. ಒಂದನ್ನು ಕಳೆಯುವ ರಗಳೆ ಇಲ್ಲ, -1ರ ಹಳ್ಳ ಇಲ್ಲ, ಬಾರದ ಅಂಕಿಗೆ ಮನೆಯೇ ಇರುವುದಿಲ್ಲ. ಎಲ್ಲ ತುಂಬಿದ ಮೇಲೆ ಕೀಲಿಗಳನ್ನು ಎಣಿಸಿ. 360 ಇಲ್ಲದಿದ್ದರೆ ಯಾವುದು ಬಿಟ್ಟಿದೆ ಎಂದು ಪಟ್ಟಿ ಮಾಡಿಸುವುದು ನಾಲ್ಕು ಸಾಲಿನ ಕೆಲಸ. ಇಲ್ಲಿ ತುಂಬಿ, ಲೆಕ್ಕಕ್ಕೆ ನಮ್‌ಪೈಗೆ ಸಾಗಿಸಿ.

ಡಿಕ್ಷನರಿಗೆ ಕನ್ನಡ ಹೆಸರನ್ನೇ ಕೀಲಿ ಮಾಡುವಾಗ ಚಿತ್ರದುರ್ಗ ಜಿಲ್ಲೆಗೆ ವಿಶೇಷವಾದ ಒಂದು ತೊಡಕಿದೆ. ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು, ಮೂರರಲ್ಲೂ ಒ-ಕಾರದ ಗುಣಿತ ಇದೆ. ಯೂನಿಕೋಡ್‌ನಲ್ಲಿ ಈ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರದ ಗುಣಿತ ಮತ್ತು ಊ-ಕಾರದ ಗುಣಿತ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಪೈಥಾನ್‌ಗೆ ಅವು ಎರಡು ಬೇರೆ ಪದ. ಒಂದು ಫೈಲಿನ ಹೊಸದುರ್ಗ ಇನ್ನೊಂದು ಫೈಲಿನ ಹೊಸದುರ್ಗಕ್ಕೆ ಸಮವಲ್ಲ ಎಂದರೆ ಕಾರಣ ಇದೇ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟು ಪ್ರತಿ ಹೆಸರನ್ನೂ ಹಾಯಿಸಿದರೆ ಎರಡೂ ಒಂದಾಗುತ್ತವೆ. ಆದರೆ ಲ್ ಮತ್ತು ಕೆ ನಡುವೆ ಒತ್ತಕ್ಷರ ಆಗದಂತೆ ಕೆಲವರು ಹಾಕುವ ಅದೃಶ್ಯ ಸಂಕೇತ, ಶೂನ್ಯ ಅಗಲದ ಬಿಡುಗಡೆ ಚಿಹ್ನೆ, ಅದರಿಂದ ಹೋಗುವುದಿಲ್ಲ. ರೀಪ್ಲೇಸ್ ಮಾಡಿ ತೆಗೆಯಬೇಕು. ಅದರ ನಂಬರು ಹದಿನಾರರ ಎಣಿಕೆಯಲ್ಲಿ 200ಸಿ. ಇದೇ ಚಿಹ್ನೆ ಉದ್ಧರಣ ಚಿಹ್ನೆಯ ಹೊರಗೆ, ಕೋಡಿನ ಹೆಸರಿನಲ್ಲಿ ಬಂದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ಲುತ್ತದೆ. ಕಣ್ಣಿಗೆ ಕಾಣದ ತಪ್ಪನ್ನು ಹುಡುಕುತ್ತಾ ಕೂರಬೇಕಾಗುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಚೇರಿ ಫೈಲುಗಳಾದರೆ ಅವು ಯೂನಿಕೋಡೇ ಅಲ್ಲ, ಮೊದಲು ಪರಿವರ್ತಕದಲ್ಲಿ ಹಾಯಿಸಿ ತನ್ನಿ.

ನಮ್‌ಪೈಗೆ ಬಂದಾಗ ಖಾಲಿ ಕೋಷ್ಟಕವನ್ನು ಹೀಗೆ ಮಾಡಿ:

    ಮಳೆ = ಎನ್‌ಪಿ.ಫುಲ್((6, 5, 12), ಎನ್‌ಪಿ.ನ್ಯಾನ್)

ಎನ್‌ಪಿ ಎಂದರೆ ನಮ್‌ಪೈಗೆ ರೂಢಿಯಲ್ಲಿರುವ ಕಿರುಹೆಸರು, ನ್ಯಾನ್ ಎಂದರೆ ಸಂಖ್ಯೆಯಲ್ಲ ಎಂಬ ಗುರುತು. ನನ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಇದು ಮಾಡುತ್ತದೆ. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಸೊನ್ನೆಗಳ ಲಿಸ್ಟನ್ನು ಎನ್‌ಪಿ.ಅರೇಗೆ ಕೊಟ್ಟರೆ ಪೂರ್ಣಾಂಕದ ಅರೇ ಹುಟ್ಟುತ್ತದೆ. ಆಮೇಲೆ ಅದರಲ್ಲಿ 61.4 ಇಟ್ಟರೆ 61 ಉಳಿಯುತ್ತದೆ, 0.8 ಮಿ.ಮೀ. ಇಟ್ಟರೆ 0. ಎಚ್ಚರಿಕೆ ಕೂಡ ಬರುವುದಿಲ್ಲ. ಇನ್ನೊಂದು, ನನ್ ಇರುವ ಲಿಸ್ಟನ್ನು ಹಾಗೇ ಕೊಟ್ಟರೆ ಆಬ್ಜೆಕ್ಟ್ ಎಂಬ ಬಗೆಯ ಅರೇ ಆಗುತ್ತದೆ, ಮೊದಲ ಸರಾಸರಿಯಲ್ಲೇ ಎರರ್. ಎರಡಕ್ಕೂ ಮದ್ದು ಒಂದೇ: ಡಿಟೈಪ್=ಫ್ಲೋಟ್ ಎಂದು ಸೇರಿಸಿ ಕೊಡುವುದು. ಆಗ ನನ್‌ಗಳೆಲ್ಲ ನ್ಯಾನ್ ಆಗುತ್ತವೆ. ಯಾವುದೋ ಸಾಲಿನಲ್ಲಿ ಹನ್ನೊಂದೇ ಸಂಖ್ಯೆ ಇದ್ದರೆ, ಎಕ್ಸೆಲ್‌ನಲ್ಲಿ ಎರಡು ಮನೆ ಕೂಡಿಸಿಟ್ಟಾಗ ಹೀಗಾಗುವುದುಂಟು, 1.24ರಿಂದೀಚಿನ ನಮ್‌ಪೈ ಆಕಾರ ಹೊಂದುವುದಿಲ್ಲ ಎಂದು ನಿರಾಕರಿಸುತ್ತದೆ. ಆ ಎರರ್ ಒಳ್ಳೆಯದೇ.

ಈಗ ಕೂಡಿಸುವುದು. ಶೇಪ್ (6, 5, 12): ಆಕ್ಸಿಸ್ 0 ತಾಲ್ಲೂಕು, 1 ವರ್ಷ, 2 ತಿಂಗಳು. ಆಕ್ಸಿಸ್=2 ಎಂದು ಕೂಡಿಸಿದರೆ ತಿಂಗಳು ಅಳಿಸಿಹೋಗಿ (6, 5) ಉಳಿಯುತ್ತದೆ, ಪ್ರತಿ ತಾಲ್ಲೂಕಿನ ವಾರ್ಷಿಕ ಮಳೆ. ಆಕ್ಸಿಸ್=1 ಎಂದು ಸರಾಸರಿ ತೆಗೆದರೆ ವರ್ಷ ಅಳಿಸಿ (6, 12), ಪ್ರತಿ ತಾಲ್ಲೂಕಿನ ತಿಂಗಳವಾರು ಐದು ವರ್ಷದ ಸರಾಸರಿ. ಹೇಳಿದ ಆಕ್ಸಿಸ್ ಮಾಯವಾಗುತ್ತದೆ ಎಂದು ನೆನಪಿಟ್ಟರೆ ಸಾಕು. ಸಾಲಿನ ಉದ್ದಕ್ಕೋ ಅಡ್ಡಕ್ಕೋ ಎಂಬ ಚರ್ಚೆಗೆ ಬೀಳಬೇಡಿ, ಮೂರು ಆಯಾಮಕ್ಕೆ ಬಂದಾಗ ಉದ್ದ ಅಡ್ಡ ಎರಡಕ್ಕೂ ಅರ್ಥ ಉಳಿಯುವುದಿಲ್ಲ. ಮುಂಗಾರಿನ ಜೂನ್‌ನಿಂದ ಸೆಪ್ಟೆಂಬರ್ ಬೇಕಾದರೆ ಮಳೆ[:, :, 5:9]. ಸ್ಲೈಸ್‌ನಲ್ಲಿ ಕೊನೆಯ ಅಂಕೆ ಸೇರುವುದಿಲ್ಲ. 5:8 ಎಂದು ಬರೆದರೆ ಸೆಪ್ಟೆಂಬರ್ ಬಿಟ್ಟುಹೋಗುತ್ತದೆ. ಹಿಂಗಾರಿಗೆ 9:12.

ನ್ಯಾನ್ ಒಂದಿದ್ದರೂ ಸಾಮಾನ್ಯ ಸಮ್ (ಮೊತ್ತ) ಮತ್ತು ಮೀನ್ (ಸರಾಸರಿ) ಉತ್ತರವನ್ನೇ ನ್ಯಾನ್ ಮಾಡುತ್ತವೆ. ಅದನ್ನು ಬಿಟ್ಟು ಲೆಕ್ಕ ಹಾಕುವ ನ್ಯಾನ್‌ಮೀನ್, ನ್ಯಾನ್‌ಸಮ್ ಇವೆ. ನ್ಯಾನ್‌ಮೀನ್ ನಂಬಬಹುದು: ಎಲ್ಲವೂ ಖಾಲಿ ಇದ್ದರೆ ಎಚ್ಚರಿಕೆ ಕೊಟ್ಟು ನ್ಯಾನ್ ಎನ್ನುತ್ತದೆ. ನ್ಯಾನ್‌ಸಮ್ ಹಾಗಲ್ಲ. ಹನ್ನೆರಡೂ ತಿಂಗಳು ಖಾಲಿ ಇದ್ದರೆ ಒಟ್ಟು 0 ಎಂದು ಕೊಡುತ್ತದೆ, ಅಂದರೆ ಅಂಕಿಯೇ ಬಾರದ ವರ್ಷ ನಿಮ್ಮ ಪಟ್ಟಿಯಲ್ಲಿ ಒಂದು ಹನಿಯೂ ಬೀಳದ ಬರಗಾಲವಾಗಿ ಕಾಣುತ್ತದೆ. ಎರಡು ತಿಂಗಳು ಖಾಲಿ ಇದ್ದಾಗಲೂ ಒಟ್ಟು ಕಡಿಮೆ ಬರುತ್ತದೆ. ಆದ್ದರಿಂದ ವಾರ್ಷಿಕ ಮೊತ್ತಕ್ಕೆ ಸಾಮಾನ್ಯ ಸಮ್ ಬಳಸಿ, ನ್ಯಾನ್ ಬಂದ ಕಡೆ ಅಂಕಿ ಹುಡುಕಿ ತರುವುದು ಮೇಲು.

ವಾಡಿಕೆಗಿಂತ ಎಷ್ಟು ಹೆಚ್ಚು ಕಡಿಮೆ ಎಂದು ನೋಡಲು ಮಳೆ - ಸರಾಸರಿ ಎಂದು ಬರೆಯಲು ಕೈ ಹೋಗುತ್ತದೆ. ಒಂದು (6, 5, 12), ಇನ್ನೊಂದು (6, 12). ನಮ್‌ಪೈ ಇವನ್ನು ಬಲಗಡೆಯಿಂದ ಹೊಂದಿಸುತ್ತದೆ: 12ಕ್ಕೆ 12 ಸರಿ, 5ಕ್ಕೆ 6 ಕೂಡುವುದಿಲ್ಲ, ಎರರ್. ಈಗ 2024ರ ಅಂಕಿ ಸೇರಿಸಿದಿರಿ ಎಂದುಕೊಳ್ಳಿ. ವರ್ಷವೂ ಆರಾಯಿತು, ಶೇಪ್ (6, 6, 12). ಅದೇ ಸಾಲು ಈಗ ಎರರ್ ಇಲ್ಲದೆ ಓಡುತ್ತದೆ! ಆದರೆ ಸರಾಸರಿಯ ತಾಲ್ಲೂಕನ್ನು ಮಳೆಯ ವರ್ಷಕ್ಕೆ ಹೊಂದಿಸಿ ಕಳೆಯುತ್ತದೆ: ಹೊಳಲ್ಕೆರೆಯ 2020ರ ಮಳೆಯಿಂದ ಚಳ್ಳಕೆರೆಯ ಸರಾಸರಿ ಕಳೆದ ಉತ್ತರ ನಿಮ್ಮ ಕೈಗೆ ಬರುತ್ತದೆ. ಇದನ್ನು ತಪ್ಪಿಸಲು ಸರಾಸರಿ ತೆಗೆಯುವಾಗಲೇ ಕೀಪ್‌ಡಿಮ್ಸ್=ಟ್ರೂ ಎಂದು ಹಾಕಿ. ಆಗ ಅದರ ಶೇಪ್ (6, 1, 12), ವರ್ಷದ ಜಾಗ ಖಾಲಿ ಕುರ್ಚಿಯಂತೆ ಉಳಿದಿರುತ್ತದೆ, ವರ್ಷ ಎಷ್ಟಿದ್ದರೂ ತಾಲ್ಲೂಕು ತಾಲ್ಲೂಕಿಗೇ ಹೊಂದುತ್ತದೆ. ಎರಡು ಆಯಾಮದ ಉದ್ದ ಸಮವಾಗಿರುವ ಯಾವ ಅರೇಯನ್ನೂ ನಾನು ಸುಲಭಕ್ಕೆ ನಂಬುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ರೀಶೇಪ್, ಅಂದರೆ ಸಾಲಾಗಿರುವ ಸಂಖ್ಯೆಗಳಿಗೆ ಹೊಸ ಆಕಾರ ಕೊಡುವುದು. ನಿಮಗೆ ಅಂಕಿಗಳು ಬಹುಶಃ ವರ್ಷಕ್ಕೊಂದು ಹಾಳೆಯಂತೆ ಬಂದಿರುತ್ತವೆ: 2019ರ ಹಾಳೆಯಲ್ಲಿ ಆರು ತಾಲ್ಲೂಕು, ಆಮೇಲೆ 2020. ಅವನ್ನು ಒಂದರ ಕೆಳಗೊಂದು ಜೋಡಿಸಿ 360 ಸಂಖ್ಯೆ ಓದಿ ರೀಶೇಪ್(6, 5, 12) ಎಂದರೆ ನಮ್‌ಪೈ ಒಪ್ಪುತ್ತದೆ, 360 ಇದೆಯಲ್ಲ. ಆದರೆ ಅದು ಸಂಖ್ಯೆಗಳನ್ನು ಬಂದ ಕ್ರಮದಲ್ಲೇ ತುಂಬುತ್ತಾ ಹೋಗುತ್ತದೆ, ಕೊನೆಯ ಆಯಾಮ ಮೊದಲು ತುಂಬುತ್ತದೆ. ಮೊದಲ ಐದು ಹನ್ನೆರಡರ ಗುಂಪು ಚಿತ್ರದುರ್ಗದ ಐದು ವರ್ಷಗಳ ಜಾಗಕ್ಕೆ ಹೋಗುತ್ತವೆ. ನಿಜವಾಗಿ ಅವು 2019ರ ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ. ಆರನೆಯ ಗುಂಪು, 2019ರ ಮೊಳಕಾಲ್ಮೂರು, ಚಳ್ಳಕೆರೆಯ 2019 ಎಂದು ಕೂರುತ್ತದೆ.

ಇದು ಸಿಕ್ಕಿಬೀಳುವುದಿಲ್ಲ ಏಕೆಂದರೆ ತಿಂಗಳು ಒಳಗಿನ ಆಯಾಮವಾದ್ದರಿಂದ ಅಲುಗುವುದೇ ಇಲ್ಲ. ಜನವರಿ ಒಣ, ಮುಂಗಾರು ಹಿಂಗಾರಿನ ತಿಂಗಳು ಏರು, ಗ್ರಾಫ್ ಬರೆದರೆ ಎಲ್ಲ ಸಹಜ. ಜಿಲ್ಲೆಯ ಐದು ವರ್ಷದ ಒಟ್ಟು ಮೊತ್ತವೂ ಸರಿಯಾಗೇ ಇರುತ್ತದೆ. ತಾಲ್ಲೂಕಿನ ಹೆಸರು ಮತ್ತು ವರ್ಷ ಮಾತ್ರ ಕಲಸಿಹೋಗಿರುತ್ತವೆ. ಸರಿಯಾದ ಕ್ರಮ, ಮೊದಲು ಫೈಲಿನ ಆಕಾರವನ್ನೇ ಕೊಟ್ಟು ಆಮೇಲೆ ಆಕ್ಸಿಸ್ ಅದಲುಬದಲು ಮಾಡುವುದು: ರೀಶೇಪ್(5, 6, 12).ಟ್ರಾನ್ಸ್‌ಪೋಸ್(1, 0, 2).

ಪರೀಕ್ಷಿಸಲು ಒಂದು ಉಪಾಯ. ನಿಜವಾದ ಮಳೆಯ ಬದಲು ಪ್ರತಿ ಮನೆಗೂ ತನ್ನ ವಿಳಾಸವನ್ನೇ ಅಂಕಿಯಾಗಿ ಬರೆದ ಒಂದು ಫೈಲು ಮಾಡಿ: ತಾಲ್ಲೂಕು × 10000 + ವರ್ಷ × 100 + ತಿಂಗಳು, ಎಲ್ಲವೂ ಇಂಡೆಕ್ಸ್ ಲೆಕ್ಕದಲ್ಲಿ. ಹೊಳಲ್ಕೆರೆ 3, 2021 ಅಂದರೆ 2, ಜೂನ್ 5: ಅದರ ಅಂಕಿ 30205. ಅದೇ ಪ್ರೋಗ್ರಾಮಿನಲ್ಲಿ ಓದಿಸಿ ಮಳೆ[3, 2, 5] ಕೇಳಿ. ಸರಿ ಇದ್ದರೆ 30205. ತಪ್ಪು ರೀಶೇಪ್ ಇದ್ದರೆ 50205 ಬರುತ್ತದೆ, ಮೊಳಕಾಲ್ಮೂರಿನ ಅಂಕಿ. ವರ್ಷ, ತಿಂಗಳು ಎರಡೂ ಕಾಕತಾಳೀಯವಾಗಿ ಸರಿ, ತಾಲ್ಲೂಕು ತಪ್ಪು. ಬರೀ ಮಳೆಯ ಅಂಕಿ ನೋಡಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಒಂದು ಮನೆ ನೋಡಿ ಬಿಡಬೇಡಿ. [0, 0, 0] ಮತ್ತು [5, 4, 11] ಎರಡು ತುದಿಗಳು ಯಾವ ರೀಶೇಪಿನಲ್ಲೂ ಸರಿಯಾಗೇ ಬರುತ್ತವೆ, ಅವನ್ನು ನೋಡಿ ಪ್ರಯೋಜನವಿಲ್ಲ. ನಡುವಿನ ನಾಲ್ಕಾರು ಮನೆ ನೋಡಿ.

ನಕಲಿನ ವಿಷಯದಲ್ಲಿ ಲಿಸ್ಟೂ ನಮ್‌ಪೈಯೂ ಒಂದಕ್ಕೊಂದು ತಿರುಗುಮುರುಗು. ಲಿಸ್ಟ್‌ನಲ್ಲಿ ಮಳೆ[:] ಹೊರಗಿನ ಲಿಸ್ಟನ್ನು ನಕಲು ಮಾಡುತ್ತದೆ, ಒಳಗಿನ ಸಾಲುಗಳು ಹಳೆಯವೇ. ಪೂರ್ತಿ ಬೇರೆ ಬೇಕಾದರೆ ಕಾಪಿ ಮಾಡ್ಯೂಲಿನ ಡೀಪ್‌ಕಾಪಿ. ನಮ್‌ಪೈ ಸ್ಲೈಸ್ ಏನನ್ನೂ ನಕಲು ಮಾಡುವುದಿಲ್ಲ, ಅದೇ ಮನೆಗಳಿಗೆ ಇನ್ನೊಂದು ಕಿಟಕಿ ತೆರೆಯುತ್ತದೆ.

    ಮುಂಗಾರು = ಮಳೆ[:, :, 5:9]
    ಮುಂಗಾರು /= 25.4

ಮಿ.ಮೀ. ಅನ್ನು ಇಂಚಿಗೆ ತಿರುಗಿಸುವ ಈ ಎರಡು ಸಾಲು ಓಡಿದ ಮೇಲೆ ಮೂಲ ಮಳೆಯಲ್ಲೂ ಜೂನ್‌ನಿಂದ ಸೆಪ್ಟೆಂಬರ್ ಇಂಚಿನಲ್ಲಿರುತ್ತವೆ, ಉಳಿದ ಎಂಟು ತಿಂಗಳು ಮಿ.ಮೀ.ನಲ್ಲಿ. ಮುಂಗಾರು = ಮುಂಗಾರು / 25.4 ಎಂದು ಬರೆದರೆ ಹೊಸ ಅರೇ ಹುಟ್ಟುತ್ತದೆ, ಮೂಲಕ್ಕೆ ಧಕ್ಕೆ ಇಲ್ಲ. ಇಲ್ಲವೇ ಸ್ಲೈಸ್ ಮಾಡುವಾಗಲೇ ಕೊನೆಗೆ .ಕಾಪಿ() ಸೇರಿಸಿ.

ಮುಂದೆ ದಿನವಾರು ಅಂಕಿಗೆ ಹೋಗುವ ಯೋಚನೆ ಇದ್ದರೆ 12ರ ಜಾಗದಲ್ಲಿ 366 ಬರುತ್ತದೆ. 2020 ಅಧಿಕ ವರ್ಷ. ಜೂನ್ 1 ಸಾಮಾನ್ಯ ವರ್ಷದಲ್ಲಿ 152ನೇ ದಿನ, ಅಧಿಕ ವರ್ಷದಲ್ಲಿ 153ನೆಯದು. ವರ್ಷದ ದಿನಸಂಖ್ಯೆಯನ್ನೇ ಇಂಡೆಕ್ಸ್ ಮಾಡಿದರೆ ಫೆಬ್ರುವರಿಯ ಆಚೆಗೆ 2020 ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಫೆಬ್ರುವರಿ 29ಕ್ಕೆ ಎಲ್ಲ ವರ್ಷದಲ್ಲೂ ಒಂದು ಮನೆ ಕಾಯಂ ಇಟ್ಟು ಉಳಿದ ನಾಲ್ಕು ವರ್ಷ ಅಲ್ಲಿ ನ್ಯಾನ್ ಬಿಡಿ. ಇನ್ನೊಂದು, ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಒಂದು ದಿನಾಂಕದ ಮಳೆ ಎಂದರೆ ಆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯದು. ಮೇ 31ರ ಸಂಜೆಯ ಮಳೆ ಜೂನ್ 1ರ ಮನೆಯಲ್ಲಿ ಕೂರುವುದು ನಿಮ್ಮ ಕೋಡಿನ ತಪ್ಪಲ್ಲ. ವಿದ್ಯಾರ್ಥಿಗಳಿಗೆ ರೋಹಿಣಿ, ಆರಿದ್ರಾ ಎಂದು ಮಳೆ ನಕ್ಷತ್ರದ ಲೆಕ್ಕದಲ್ಲಿ ತೋರಿಸುವ ಆಸೆ ಇದ್ದರೆ ಕೊನೆಯ ಆಯಾಮ 27. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ ಬರುವುದರಿಂದ ಸಮ ಭಾಗದ ರೀಶೇಪ್ ಅಲ್ಲಿ ಆಗುವುದಿಲ್ಲ, ಆರಂಭದ ದಿನಾಂಕಗಳ ಪಟ್ಟಿ ಕೊಟ್ಟು ತುಂಡು ಮಾಡಬೇಕು.

ಉಳಿಸಿಡುವಾಗ ಎನ್‌ಪಿ.ಸೇವ್ ಆಕಾರದ ಸಮೇತ ಉಳಿಸುತ್ತದೆ, ಆದರೆ ತಾಲ್ಲೂಕಿನ ಹೆಸರುಗಳು ಅದರಲ್ಲಿ ಹೋಗುವುದಿಲ್ಲ. ಸೇವ್‌ಟೆಕ್ಸ್ಟ್ ಎರಡು ಆಯಾಮಕ್ಕಿಂತ ಹೆಚ್ಚಿನದನ್ನು ಬರೆಯುವುದಿಲ್ಲ. ಬೇರೆಯವರಿಗೂ ಕೊಡುವಂತಿರಬೇಕಾದರೆ ತಾಲ್ಲೂಕು, ವರ್ಷ, ತಿಂಗಳು, ಮಳೆ ಎಂಬ ನಾಲ್ಕು ಕಾಲಮಿನ, 360 ಸಾಲಿನ ಸಿಎಸ್‌ವಿ ಫೈಲು ಮಾಡಿ. ಕೋಷ್ಟಕಗಳನ್ನು ನಿಭಾಯಿಸುವ ಲೈಬ್ರರಿ ಪ್ಯಾಂಡಾಸ್‌ಗೂ ಇದೇ ರೂಪ ಇಷ್ಟ, ಕ್ರಮ ಕಲಸಿಹೋಗುವ ಪ್ರಶ್ನೆಯೂ ಬರುವುದಿಲ್ಲ. ಬರೆಯುವಾಗ ಎನ್ಕೋಡಿಂಗ್ ಯುಟಿಎಫ್-8-ಸಿಗ್ ಎಂದು ಕೊಡಿ, ಬರೀ ಯುಟಿಎಫ್-8 ಕೊಟ್ಟರೆ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದವರಿಗೆ ಹೊಳಲ್ಕೆರೆಯ ಜಾಗದಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಕಾಣುವ ಸಂಭವವಿದೆ.